ಅಂಗಡಿಗೆ ಮೊಬೈಲ್ ಬಂತು, ಲೆಕ್ಕ ಬಂದಿದೆಯೇ?

(ಸಣ್ಣ ವರ್ತಕರು ಮತ್ತು ಅವರ ಕುಟುಂಬಗಳಿಗಾಗಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



'ಸಣ್ಣ ವ್ಯಾಪಾರ ಮತ್ತು ಮಾಹಿತಿ ತಂತ್ರಜ್ಞಾನ' ಎಂಬುದು ನನಗೆ ಕೊಡಲಾಗಿರುವ ವಿಷಯ. ಇಂಥ ವಿಷಯದ ಮೇಲೆ ಮಾತನಾಡುವವರು ಸಾಮಾನ್ಯವಾಗಿ ಅಮೆರಿಕದ ಯಾವುದೋ ಗ್ಯಾರೇಜಿನಲ್ಲಿ ಹುಟ್ಟಿ ಜಗತ್ತನ್ನೇ ಆವರಿಸಿದ ಕಂಪೆನಿಯ ಕಥೆಯಿಂದ ಮಾತು ಆರಂಭಿಸುತ್ತಾರೆ. ಆ ಕಥೆಯಿಂದ ದಿನಸಿ ಅಂಗಡಿಯವನಿಗೋ ಚಪ್ಪಲಿ ಅಂಗಡಿಯವನಿಗೋ ಆಗುವ ಪ್ರಯೋಜನವೇನೆಂದು ನನಗೆ ಈವರೆಗೆ ಅರ್ಥವಾಗಿಲ್ಲ. ಆದ್ದರಿಂದ ನಾನು ನಿಮಗೆಲ್ಲರಿಗೂ ನೆನಪಿರುವ 2025ರ ಜುಲೈ ತಿಂಗಳಿನಿಂದ ಆರಂಭಿಸುತ್ತೇನೆ.

ಆ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ಬಂತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿ, ತರಕಾರಿ ಅಂಗಡಿ, ಚಹಾದ ಅಂಗಡಿ ಇವೇ ಅವುಗಳಲ್ಲಿ ಹೆಚ್ಚು. ನಾಲ್ಕು ವರ್ಷಗಳಲ್ಲಿ ನಿಮ್ಮ ಯುಪಿಐ ಖಾತೆಗೆ ಬಂದ ಹಣ ಇಷ್ಟು, ಇದಕ್ಕೆ ಜಿ.ಎಸ್.ಟಿ. ಏಕೆ ಕಟ್ಟಿಲ್ಲ ಎಂಬುದು ಅದರ ಸಾರಾಂಶ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 1.63 ಕೋಟಿ ರೂಪಾಯಿಗಳ ವಹಿವಾಟು ತೋರಿಸಿ ಸುಮಾರು 29 ಲಕ್ಷ ರೂಪಾಯಿ ಕೇಳಲಾಯಿತು. ತಾಜಾ ತರಕಾರಿಗೆ ಜಿ.ಎಸ್.ಟಿ.ಯೇ ಇಲ್ಲ! ಬೆಂಗಳೂರಿನ ಬೀದಿಗಳಲ್ಲಿ ರಾತ್ರಿ ಬೆಳಗಾಗುವುದರೊಳಗೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಕಾಗದಗಳು ಅಂಟಿಕೊಂಡವು. ವರ್ತಕರು ಬಂದ್‌ಗೆ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ಮುಂದಕ್ಕೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಹೇಳಿದ ಮೇಲೆ ಬಿಸಿ ಸ್ವಲ್ಪ ಆರಿತು.

ಇಲಾಖೆಯ ವಿಧಾನದಲ್ಲಿ ತಪ್ಪಿತ್ತು. ಖಾತೆಗೆ ಬಂದ ಹಣವೆಲ್ಲ ಮಾರಾಟದ ಹಣವೆಂದು ಭಾವಿಸುವುದು, ತೆರಿಗೆ ಇರುವ ವಸ್ತುವನ್ನೂ ಇಲ್ಲದ ವಸ್ತುವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಇದನ್ನು ಹೇಳಲೇಬೇಕು, ಮತ್ತು ಹೇಳಲಾಗಿದೆ. ಆದರೆ ಈ ಸಭೆಯಲ್ಲಿ ನಾವು ನಮ್ಮವರೇ ಇದ್ದೇವೆ. ಆದ್ದರಿಂದ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ. ಇಲಾಖೆ ಕೇಳಿದಾಗ, ಈ ಹಣದಲ್ಲಿ ಇಷ್ಟು ಹಾಲಿನದು, ಇಷ್ಟು ಬಿಸ್ಕೆಟಿನದು, ಇಷ್ಟು ಸೌದಿಯಲ್ಲಿರುವ ತಮ್ಮ ಮನೆಖರ್ಚಿಗೆ ಕಳಿಸಿದ್ದು, ಇಷ್ಟು ಚೀಟಿಯ ಹಣ ಎಂದು ವಿಂಗಡಿಸಿ ತೋರಿಸಲು ನಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯವಿತ್ತು? ನಮ್ಮ ವ್ಯಾಪಾರದ ಮೊತ್ತ ಇಷ್ಟಿದೆ ಎಂಬುದು ನೋಟಿಸು ಬಂದ ಮೇಲೆಯೇ ತಮಗೂ ಗೊತ್ತಾಯಿತೆಂದು ಹೇಳಿದ ವರ್ತಕರನ್ನು ನಾನು ಬಲ್ಲೆ. ಅಂದರೆ ನಮ್ಮ ಅಂಗಡಿಯ ಲೆಕ್ಕ ನಮಗಿಂತ ಮೊದಲು ಸರಕಾರಕ್ಕೆ ಗೊತ್ತಿತ್ತು.

ನಾನು ಇಂದು ಹೇಳಬೇಕೆಂದಿರುವುದು ಇದೊಂದನ್ನೇ. 2016ರಲ್ಲಿ ಯುಪಿಐ ಆರಂಭವಾದಾಗ ಅದನ್ನು ಬಳಸುವವರು ವಿರಳ. ಅದೇ ವರ್ಷದ ನವೆಂಬರಿನಲ್ಲಿ ನೋಟು ರದ್ದಾಯಿತು, ಅನಂತರ ಕೊರೋನಾ ಬಂತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಹೆಚ್ಚು ಯುಪಿಐ ವಹಿವಾಟು ನಡೆದಿದೆ. ನಮ್ಮ ಮೀನಿನ ಬುಟ್ಟಿಯ ಮೇಲೂ ಕ್ಯೂಆರ್ ಕೋಡ್ ಇದೆ, ಎಳನೀರಿನ ಗಾಡಿಯ ಮೇಲೂ ಇದೆ. ಮಾಹಿತಿ ತಂತ್ರಜ್ಞಾನ ನಮ್ಮಲ್ಲಿಗೆ ಬಂದಿಲ್ಲವೆಂದು ಯಾರೂ ಹೇಳಲಾರರು. ಆದರೆ ನಾವು ಪಡೆದುಕೊಂಡಿರುವುದು ಆ ಯಂತ್ರದ ಅರ್ಧ ಭಾಗವನ್ನು ಮಾತ್ರ. ಹಣ ಬಂತು ಎಂದು ಸೌಂಡ್ ಬಾಕ್ಸ್ ಕೂಗಿ ಹೇಳುವ ಅರ್ಧ ನಮ್ಮದಾಗಿದೆ. ಬಂದ ಹಣವನ್ನು ದಿನ, ಹೊತ್ತು ಸಮೇತ ಬರೆದಿಡುವ ಇನ್ನೊಂದು ಅರ್ಧವನ್ನು ಬ್ಯಾಂಕು ಓದುತ್ತದೆ, ಸಾಲದ ಆ್ಯಪಿನವರು ಓದುತ್ತಾರೆ, ತೆರಿಗೆ ಇಲಾಖೆ ಓದುತ್ತದೆ. ಅಂಗಡಿಯ ಮಾಲಕನೊಬ್ಬನೇ ಓದುವುದಿಲ್ಲ.

ಹಾಗಾದರೆ ಈ ತಂತ್ರಜ್ಞಾನದಿಂದ ಸಣ್ಣ ವ್ಯಾಪಾರಕ್ಕೆ ನಿಜವಾಗಿ ಲಾಭವಿದೆಯೇ? ಇದೆ. ಅದಕ್ಕೆ ನಮ್ಮ ನೆರೆಯ ಕಡಲತೀರದಲ್ಲೇ ಒಂದು ಪ್ರಸಿದ್ಧ ಸಾಕ್ಷ್ಯವಿದೆ. ರಾಬರ್ಟ್ ಜೆನ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಉತ್ತರ ಕೇರಳದ ಕೋಝಿಕ್ಕೋಡ್, ಕಣ್ಣೂರು ಮತ್ತು ಕಾಸರಗೋಡು ಜಿಲ್ಲೆಗಳ ಮೀನುಗಾರರನ್ನು 1996ರಿಂದ 2001ರವರೆಗೆ ಅಧ್ಯಯನ ಮಾಡಿ, 2007ರಲ್ಲಿ ಅದನ್ನು ಪ್ರಕಟಿಸಿದರು. ಮೊಬೈಲ್ ಬರುವ ಮೊದಲು ಅಲ್ಲಿನ ಸ್ಥಿತಿ ಹೇಗಿತ್ತೆಂಬುದಕ್ಕೆ ಅವರು ಒಂದು ದಿನದ ಉದಾಹರಣೆ ಕೊಡುತ್ತಾರೆ. 1997ರ ಜನವರಿ 14ರಂದು ವಡಕರದ ದಡಕ್ಕೆ ಬಂದ 11 ಮೀನುಗಾರರಿಗೆ ತಮ್ಮ ಬೂತಾಯಿ ಮೀನನ್ನು ಕೊಳ್ಳುವವರು ಸಿಗಲಿಲ್ಲ. ಹಿಡಿದ ಮೀನನ್ನು ಎಸೆಯಬೇಕಾಯಿತು. ಅದೇ ಬೆಳಗ್ಗೆ, 15 ಕಿಲೋಮೀಟರ್ ಒಳಗಿನ ಬೇರೆ ದಡಗಳಲ್ಲಿ 27 ಮಂದಿ ಮೀನು ಸಿಗದೆ ಬರಿಗೈಯಲ್ಲಿ ಹಿಂದಿರುಗುವವರಿದ್ದರು. ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

1997ರಲ್ಲಿ ಕೋಝಿಕ್ಕೋಡಿನ ಕಡೆ, ಮರುವರ್ಷ ಕಣ್ಣೂರಿನಲ್ಲಿ, 2000ದಲ್ಲಿ ಕಾಸರಗೋಡಿನಲ್ಲಿ ಮೊಬೈಲ್ ಗೋಪುರಗಳು ಎದ್ದವು. ಅವುಗಳ ಸಂಕೇತ ಸಮುದ್ರದ ಒಳಗೆ ಇಪ್ಪತ್ತು ಕಿಲೋಮೀಟರ್ ದೂರಕ್ಕೂ ಸಿಗುತ್ತಿತ್ತು. ಮೀನುಗಾರರು ದೋಣಿಯಿಂದಲೇ ಕರೆ ಮಾಡಿ, ಯಾವ ದಡದಲ್ಲಿ ಬೆಲೆ ಹೇಗಿದೆಯೆಂದು ಕೇಳಿ ಅತ್ತ ದೋಣಿ ತಿರುಗಿಸತೊಡಗಿದರು. ಒಂದು ದಡಕ್ಕೂ ಇನ್ನೊಂದು ದಡಕ್ಕೂ ಇದ್ದ ಬೆಲೆಯ ಅಂತರ ಕುಗ್ಗಿತು. ಅದಕ್ಕೆ ಮೊದಲು ದಿನದ ಮೀನಿನಲ್ಲಿ ಶೇಕಡಾ 5ರಿಂದ 8ರಷ್ಟು ವ್ಯರ್ಥವಾಗುತ್ತಿತ್ತು. ಆ ವ್ಯರ್ಥ ಇಲ್ಲವಾಯಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಹೆಚ್ಚಿತು. ಕೊಳ್ಳುವವರಿಗೆ ಬೆಲೆ ಶೇಕಡಾ 4ರಷ್ಟು ಇಳಿಯಿತು. ಮಾರುವವನಿಗೂ ಲಾಭ, ಕೊಳ್ಳುವವನಿಗೂ ಲಾಭ. ನಡುವೆ ಯಾರಿಂದಲೂ ಕಿತ್ತುಕೊಂಡದ್ದಿಲ್ಲ. ಕೊಳೆತು ಹೋಗುತ್ತಿದ್ದುದು ಉಳಿಯಿತು, ಅಷ್ಟೇ.

ಇಲ್ಲಿ ಗಮನಿಸಬೇಕಾದುದು ಆ ಮೀನುಗಾರರು ಮೊಬೈಲನ್ನು ಯಾವುದಕ್ಕೆ ಬಳಸಿದರೆಂಬುದನ್ನು. ಅವರ ದುಡಿಮೆಯಲ್ಲಿ ಹಣ ಎಲ್ಲಿ ಸೋರುತ್ತಿತ್ತೋ ಅಲ್ಲಿಗೇ ಅದನ್ನು ಒಯ್ದು ಹಿಡಿದರು. ನಮ್ಮ ಅಂಗಡಿಯಲ್ಲಿ ಹಣ ಸೋರುವುದು ಎಲ್ಲಿ? ಬೆಲೆ ಗೊತ್ತಿಲ್ಲದೆ ಅಲ್ಲ. ಬೆಲೆ ಎಲ್ಲರಿಗೂ ಗೊತ್ತು. ಸೋರುವುದು ಉದ್ರಿಯಲ್ಲಿ, ದಾಸ್ತಾನಿನಲ್ಲಿ, ಗಲ್ಲಾಪೆಟ್ಟಿಗೆಯಿಂದ ಮನೆಗೆ ಹೋಗುವ ಲೆಕ್ಕವಿಲ್ಲದ ನೋಟುಗಳಲ್ಲಿ.

ಈ ಮೂರನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಬೆಳಗ್ಗೆ ಮಗ ಶಾಲೆಯ ಶುಲ್ಕಕ್ಕೆಂದು ಪೆಟ್ಟಿಗೆಯಿಂದ ತೆಗೆಯುತ್ತಾನೆ. ಮಧ್ಯಾಹ್ನ ಕೋಳಿಯಂಗಡಿಗೆ ಅದರಿಂದಲೇ ಹೋಗುತ್ತದೆ. ಸಂಜೆ ಅಕ್ಕನ ಮನೆಯ ನಿಕಾಹಿಗೆ ಉಡುಗೊರೆ ಅದರಿಂದಲೇ. ಈಗ ಯುಪಿಐ ಬಂದ ಮೇಲೆ ಕೈ ಹಾಕಲು ಪೆಟ್ಟಿಗೆಯೂ ಬೇಕಾಗಿಲ್ಲ. ಅಂಗಡಿಯ ಖಾತೆಯೂ ಮನೆಯ ಖಾತೆಯೂ ಒಂದೇ ಆಗಿರುವುದರಿಂದ ಬೆರಳಿನ ಎರಡು ಒತ್ತುಗಳಲ್ಲಿ ಹೋಗಿಬಿಡುತ್ತದೆ. ವರ್ಷದ ಕೊನೆಯಲ್ಲಿ ವ್ಯಾಪಾರ ಚೆನ್ನಾಗಿಯೇ ಇತ್ತು, ಹಣ ಮಾತ್ರ ಉಳಿಯಲಿಲ್ಲ ಎನ್ನುತ್ತೇವೆ. ಬರಕತ್ ಇಲ್ಲ ಎನ್ನುತ್ತೇವೆ. ಬರಕತ್ತಿನ ವಿಷಯ ಅಲ್ಲಾಹನಿಗೆ ಬಿಟ್ಟದ್ದು. ಆದರೆ ಲೆಕ್ಕವಿಡದ ಕಡೆ ಬರಕತ್ತನ್ನು ದೂರುವುದು ಅಷ್ಟು ಸರಿಯಲ್ಲ.

ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯವೆಂಬ ಪುಟ್ಟ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಕಿರು ವ್ಯಾಪಾರಿಗಳ ಮೇಲೆ ಒಂದು ಪ್ರಯೋಗ ನಡೆಯಿತು. 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕೆಲವರಿಗೆ ಲೆಕ್ಕಶಾಸ್ತ್ರದ ಪೂರ್ಣ ಪಾಠ ಹೇಳಿದರು. ಇನ್ನು ಕೆಲವರಿಗೆ ಸರಳವಾದ ಒಂದೆರಡು ರೂಢಿಗಳನ್ನಷ್ಟೇ ಕಲಿಸಿದರು. ಅವುಗಳಲ್ಲಿ ಮುಖ್ಯವಾದುದು, ಮನೆಯ ಹಣ ಒಂದು ಡ್ರಾಯರಿನಲ್ಲಿ, ವ್ಯಾಪಾರದ ಹಣ ಇನ್ನೊಂದು ಡ್ರಾಯರಿನಲ್ಲಿ ಇರಲಿ, ಮನೆಗೆ ಬೇಕಾದಾಗ ಚೀಟಿ ಬರೆದಿಟ್ಟು ತೆಗೆಯಿರಿ ಎಂಬುದು. ಲೆಕ್ಕಶಾಸ್ತ್ರ ಕಲಿತವರಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಎರಡು ಡ್ರಾಯರ್ ಕಲಿತವರ ಲೆಕ್ಕ ಸುಧಾರಿಸಿತು, ವ್ಯಾಪಾರ ಮಂದವಾಗಿದ್ದ ವಾರಗಳಲ್ಲಿ ಅವರ ಗಳಿಕೆ ಮೊದಲಿನಷ್ಟು ಕುಸಿಯಲಿಲ್ಲ. ಕಂಪ್ಯೂಟರ್ ಮಾರುವವರು ನಿಮ್ಮಲ್ಲಿಗೆ ಬಂದು ಹಲವು ಸಾವಿರದ ಬಿಲ್ಲಿಂಗ್ ತಂತ್ರಾಂಶ ತೋರಿಸುವ ಮೊದಲು ಈ ಎರಡನೆಯ ಡ್ರಾಯರ್ ಇದೆಯೇ ಎಂದು ನೋಡಿಕೊಳ್ಳಿ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಅಂಗಡಿಗೆ ಬೇರೆಯೇ ಒಂದು ಬ್ಯಾಂಕ್ ಖಾತೆ, ಅದಕ್ಕೆ ಬೇರೆಯೇ ಒಂದು ಕ್ಯೂಆರ್ ಕೋಡ್. ತಿಂಗಳಿಗೊಮ್ಮೆ ಅಲ್ಲಿಂದ ಮನೆಯ ಖಾತೆಗೆ ಒಂದು ನಿರ್ದಿಷ್ಟ ಮೊತ್ತ, ನೌಕರನಿಗೆ ಸಂಬಳ ಕೊಟ್ಟಂತೆ. ಅದಕ್ಕಿಂತ ಹೆಚ್ಚು ಬೇಕಾದರೆ ಬರೆದಿಟ್ಟು ತೆಗೆಯುವುದು.

ಇನ್ನು ಉದ್ರಿ. ನಾನು ಮದ್ರಸದಲ್ಲಿ ಓದಿದವನಾದ್ದರಿಂದ ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದು? ಅದು ನಮಾಝಿನ ಬಗ್ಗೆ ಅಲ್ಲ, ಹಜ್ಜಿನ ಬಗ್ಗೆಯೂ ಅಲ್ಲ. ಅಲ್‌ಬಕರಃ ಅಧ್ಯಾಯದ 282ನೆಯ ಆ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ ಇದೆ. ಅವಧಿ ಗೊತ್ತುಮಾಡಿದ ಸಾಲವನ್ನು ಬರೆಯಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಬರೆಯಲು ನಿರಾಕರಿಸಬಾರದು, ಸಾಲ ತೆಗೆದುಕೊಂಡವನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬರೆಯಲು ಬೇಸರಿಸಬಾರದು ಎಂಬುದು ಅದರ ಆಶಯ. ಕೈಗೆ ಕೈಯಾಗಿ ನಡೆಯುವ ನಗದು ವ್ಯಾಪಾರಕ್ಕೆ ಮಾತ್ರ ಬರೆಯದಿದ್ದರೆ ದೋಷವಿಲ್ಲವೆಂಬ ರಿಯಾಯಿತಿ ಅಲ್ಲಿದೆ. ಓದು ಬರಹ ಬಲ್ಲವರು ಅತಿ ವಿರಳವಾಗಿದ್ದ ಸಮಾಜಕ್ಕೆ ಹದಿನಾಲ್ಕು ಶತಮಾನಗಳ ಹಿಂದೆ ಬಂದ ಆದೇಶವಿದು.

ನಾವೇನು ಮಾಡುತ್ತಿದ್ದೇವೆ? ಉದ್ರಿಯನ್ನು ಸಿಗರೇಟಿನ ಪೊಟ್ಟಣದ ಹಿಂಬದಿಯಲ್ಲಿ ಬರೆಯುತ್ತೇವೆ, ಅಥವಾ ನೆನಪಿನಲ್ಲಿಡುತ್ತೇವೆ. ಬರೆದರೆ ಗಿರಾಕಿಗೆ ಬೇಸರವಾದೀತೆಂಬ ಸಂಕೋಚ. ಅಣ್ಣ ತಮ್ಮಂದಿರ ಪಾಲುದಾರಿಕೆಯಲ್ಲಂತೂ ಬರೆಯುವುದೇ ಅವಮಾನ. ತಂದೆ ತೀರಿಕೊಂಡ ನಲವತ್ತು ದಿನಗಳೊಳಗೆ ಅದೇ ಅಣ್ಣ ತಮ್ಮಂದಿರು ಜಮಾಅತ್ ಕಮಿಟಿಯ ಮುಂದೆ ನಿಲ್ಲುತ್ತಾರೆ. ಅಂಗಡಿಯ ಬಂಡವಾಳ ಯಾರದು, ದೊಡ್ಡಣ್ಣ ಗಲ್ಫಿನಿಂದ ಕಳಿಸಿದ ಹಣ ಸಾಲವೋ ಪಾಲೋ ದಾನವೋ ಎಂದು ಯಾರಿಗೂ ಗೊತ್ತಿರುವುದಿಲ್ಲ. ಹೆಣ್ಣುಮಕ್ಕಳ ಪಾಲು ಕಳೆದು ಹೋಗುವುದು ಹೆಚ್ಚಾಗಿ ಇಂಥ ಮಬ್ಬಿನಲ್ಲೇ. ಆಸ್ತಿ ಎಷ್ಟೆಂದೇ ಗೊತ್ತಿಲ್ಲದಾಗ ಅದರಲ್ಲಿ ತಂಗಿಯ ಭಾಗ ಎಷ್ಟೆಂದು ಕೇಳುವವರಾರು? ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಅಲ್ ಖವಾರಿಝ್ಮಿ ಬೀಜಗಣಿತದ ಗ್ರಂಥ ಬರೆದರೆಂದು, ಕಂಪ್ಯೂಟರಿನವರು ಬಳಸುವ 'ಆಲ್ಗಾರಿದಮ್' ಎಂಬ ಪದ ಅವರ ಹೆಸರಿನಿಂದಲೇ ಬಂದದ್ದೆಂದು ನಮ್ಮ ಭಾಷಣಗಳಲ್ಲಿ ಆಗಾಗ ಹೆಮ್ಮೆಯಿಂದ ಹೇಳಲಾಗುತ್ತದೆ. ಅದು ನಿಜ. ಆ ಗ್ರಂಥದ ದೊಡ್ಡ ಭಾಗ ವಾರೀಸುದಾರರಿಗೆ ಆಸ್ತಿ ಹಂಚುವ ಲೆಕ್ಕಗಳಿಗೇ ಮೀಸಲಾಗಿದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ!

ಈಗ ಉದ್ರಿ ಬರೆಯುವುದು ಹಿಂದಿನಷ್ಟು ಸಂಕೋಚದ ಕೆಲಸವಲ್ಲ. ಮೊಬೈಲಿನಲ್ಲಿ ಗಿರಾಕಿಯ ಹೆಸರಿಗೆ ಮೊತ್ತ ಬರೆದರೆ ಅವನಿಗೂ ಒಂದು ಸಂದೇಶ ಹೋಗುತ್ತದೆ. ಎರಡು ಕಡೆಯೂ ಒಂದೇ ಬರಹ, ಒಂದೇ ದಿನಾಂಕ. ಕನ್ನಡದಲ್ಲಿ ಬರೆಯಬಹುದಾದ ಆ್ಯಪುಗಳಿವೆ. ಅವುಗಳಲ್ಲಿ ಕೆಲವು ನಿಧಾನವಾಗಿ ಸಾಲದ ಅಂಗಡಿಗಳಾಗಿ ಮಾರ್ಪಟ್ಟು, ಬಡ್ಡಿಯ ಸಾಲಕ್ಕೆ ದಿನವೂ ಆಹ್ವಾನ ಕೊಡುತ್ತಿರುತ್ತವೆ ಎಂಬುದನ್ನೂ ತಿಳಿದಿರಿ. ಅಂಥದ್ದು ಬೇಡವೆನಿಸಿದರೆ ಎರಡು ರೇಖೆ ಎಳೆದ ನೋಟ್‌ಬುಕ್ ಸಾಕು, ಪುಟದ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಗಿರಾಕಿಗೆ ಕಳಿಸಿದರೆ ಮುಗಿಯಿತು.

ಝಕಾತ್‌ನ ವಿಷಯಕ್ಕೆ ಬಂದರೆ, ವ್ಯಾಪಾರಿಯ ಝಕಾತ್ ಎಂಬುದು ಮಾರಾಟಕ್ಕಿಟ್ಟ ದಾಸ್ತಾನಿನ ಮೌಲ್ಯ, ಕೈಯಲ್ಲಿರುವ ನಗದು, ಬರುವ ಭರವಸೆಯಿರುವ ಬಾಕಿ ಇವುಗಳನ್ನು ಕೂಡಿಸಿ, ಕೊಡಬೇಕಾದುದನ್ನು ಕಳೆದು, ಉಳಿದುದರ ಎರಡೂವರೆ ಶೇಕಡಾ. ಕಪಾಟು, ಫ್ರಿಜ್, ತೂಕದ ಯಂತ್ರ ಇದರಲ್ಲಿ ಸೇರುವುದಿಲ್ಲ. ದಾಸ್ತಾನಿನ ಪಟ್ಟಿಯಿಲ್ಲದವನು, ಬಾಕಿಯ ಪಟ್ಟಿಯಿಲ್ಲದವನು ಇದನ್ನು ಹೇಗೆ ಲೆಕ್ಕ ಹಾಕುತ್ತಾನೆ? ರಮಝಾನಿನ ಕೊನೆಯ ಹತ್ತರಲ್ಲಿ ಅಂದಾಜಿಗೆ ಒಂದಿಷ್ಟು ನೋಟು ತೆಗೆದು, ಬಾಗಿಲಿಗೆ ಬಂದವರಿಗೆ ಹಂಚಿ, ಹೊಣೆ ತೀರಿತೆಂದುಕೊಳ್ಳುತ್ತಾನೆ. ಬಡವರ ಹಕ್ಕಾಗಿರುವ ಮೊತ್ತ ಕಡಿಮೆಯಾಯಿತೋ ಹೆಚ್ಚಾಯಿತೋ ಅವನಿಗೇ ತಿಳಿಯದು. ಬಿಲ್ಲಿಂಗ್ ಯಂತ್ರವಿರುವ ಅಂಗಡಿಯಲ್ಲಿ ಈ ಲೆಕ್ಕ ಹತ್ತು ನಿಮಿಷದ ಕೆಲಸ.

ಇದುವರೆಗೆ ಹೇಳಿದ್ದು ಒಳಗಿನ ಲಾಭ. ಹೊರಗಿನ ಲಾಭವೊಂದಿದೆ, ಅದು ನಮ್ಮ ಸಮುದಾಯಕ್ಕೆ ಎಲ್ಲಕ್ಕಿಂತ ಅಗತ್ಯವಾದುದು: ಬಂಡವಾಳ. ಬಡ್ಡಿಯಿಂದ ದೂರವಿರಬೇಕೆಂಬ ವ್ಯಾಪಾರಿಗೆ ನಮ್ಮ ಶರೀಅತ್ ಪಾಲುದಾರಿಕೆಯ ದಾರಿ ತೋರಿಸಿದೆ. ಒಬ್ಬನ ಹಣ, ಇನ್ನೊಬ್ಬನ ದುಡಿಮೆ, ಲಾಭದಲ್ಲಿ ಮೊದಲೇ ಒಪ್ಪಿಕೊಂಡ ಪ್ರಮಾಣದ ಹಂಚಿಕೆ. ಇದನ್ನೇ ಮುದಾರಬ ಎನ್ನುವುದು. ಆದರೆ ಲಾಭ ಎಷ್ಟೆಂದು ತೋರಿಸಲಾಗದವನ ಜೊತೆ ಯಾರು ಪಾಲುದಾರರಾದಾರು? ಬಡ್ಡಿ ಸಾಲಕ್ಕೆ ಅಡಮಾನ ಸಾಕು, ಪಾಲುದಾರಿಕೆಗೆ ಲೆಕ್ಕವೇ ಬೇಕು.

ಬೆಂಗಳೂರಿನ ಐ.ಎಂ.ಎ. ಹಗರಣವನ್ನು ನೀವು ಮರೆತಿರಲಾರಿರಿ. 2019ರ ಜೂನ್‌ನಲ್ಲಿ ಅದರ ಬಾಗಿಲು ಮುಚ್ಚಿದಾಗ ಕಳೆದುಕೊಂಡವರು ಸಾವಿರಾರು ಕುಟುಂಬಗಳು, ಬಹುಪಾಲು ಮುಸ್ಲಿಮರು. ಮಗಳ ಮದುವೆಗೆ ಕೂಡಿಟ್ಟ ಹಣ, ನಿವೃತ್ತಿಯ ಹಣ, ಮಹಿಳೆಯರ ಒಡವೆ ಮಾರಿದ ಹಣ. 'ಹಲಾಲ್' ಎಂಬ ಒಂದು ಪದಕ್ಕಾಗಿ ಅದನ್ನೆಲ್ಲ ಒಪ್ಪಿಸಲಾಯಿತು. ಆ ಲಾಭ ಯಾವ ವ್ಯಾಪಾರದಿಂದ ಬರುತ್ತಿದೆ, ಅದರ ಲೆಕ್ಕವನ್ನು ಒಮ್ಮೆ ತೋರಿಸಿ ಎಂದು ಕೇಳಿದವರು ಎಷ್ಟು ಮಂದಿ? ಈ ದುರಂತದ ಬಗ್ಗೆ ಬಹಳ ಬರೆಯಲಾಗಿದೆ. ಆದರೆ ಅದರ ಇನ್ನೊಂದು ಮುಖದ ಬಗ್ಗೆ ಯಾರೂ ಯೋಚಿಸಿದಂತಿಲ್ಲ. ಅದೇ ವರ್ಷಗಳಲ್ಲಿ ಅದೇ ಬೀದಿಯ ಬಟ್ಟೆ ಅಂಗಡಿಯವನು ಐದು ಲಕ್ಷ ಬಂಡವಾಳಕ್ಕಾಗಿ ಪರದಾಡುತ್ತಿದ್ದ. ಅವನ ವ್ಯಾಪಾರ ನಿಜವಾದದ್ದು, ಕಣ್ಣಿಗೆ ಕಾಣುವಂಥದ್ದು. ಅವನ ಪಕ್ಕದ ಮನೆಯ ಹಣ ಅವನನ್ನು ದಾಟಿಕೊಂಡು ದೂರದ ಹೊಳೆಯುವ ಕಚೇರಿಗೆ ಹೋಯಿತು. ಏಕೆಂದರೆ ಆ ಕಚೇರಿಯಲ್ಲಿ ಮುದ್ರಿತ ಕಾಗದಗಳಾದರೂ ಇದ್ದವು, ಸುಳ್ಳೇ ಆಗಿರಲಿ. ನಮ್ಮ ಅಂಗಡಿಯವನ ಬಳಿ ತೋರಿಸಲು ನಿಜವಾದ ಒಂದು ಹಾಳೆಯೂ ಇರಲಿಲ್ಲ. ಹನ್ನೆರಡು ತಿಂಗಳ ಮಾರಾಟದ ಪಟ್ಟಿ, ಬ್ಯಾಂಕಿನ ಸ್ಟೇಟ್‌ಮೆಂಟ್, ಜಿ.ಎಸ್.ಟಿ. ರಿಟರ್ನ್ ಇವು ಮೂರು ಕೈಯಲ್ಲಿದ್ದರೆ ಊರಿನ ಬಡ್ಡಿರಹಿತ ನಿಧಿಯವರೂ ಧೈರ್ಯದಿಂದ ಹಣ ಕೊಡಬಲ್ಲರು, ವಿದೇಶದಲ್ಲಿರುವ ಭಾವನೂ ಕೊಡಬಲ್ಲ.

ತಂತ್ರಜ್ಞಾನವೆಂದರೆ ಎಲ್ಲರಿಗೂ ಸಮನಾದ ಮಳೆಯೆಂದು ನಾನು ಹೇಳುತ್ತಿಲ್ಲ. ರಾಮನಗರ, ಶಿಡ್ಲಘಟ್ಟಗಳ ಸರಕಾರಿ ರೇಷ್ಮೆಗೂಡಿನ ಮಾರುಕಟ್ಟೆಗಳನ್ನು ನೋಡಿ. ಗೂಡು ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ನಮ್ಮವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅಲ್ಲಿ ಈಗ ಇ-ಹರಾಜು. ರೈತನ ಹಣ ನೇರ ಅವನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಇದು ರೈತನಿಗೆ ಆದ ನ್ಯಾಯ, ಅದರಲ್ಲಿ ಸಂಶಯವಿಲ್ಲ. ಆದರೆ ಇಂದು ಗೂಡು ತಂದು, ನೂಲು ಮಾರಿ, ನಾಲ್ಕು ದಿನ ಬಿಟ್ಟು ಹಣ ಕೊಡುತ್ತಿದ್ದ ಸಣ್ಣ ರೀಲರನಿಗೆ ಆ ನಾಲ್ಕು ದಿನಗಳ ಬಂಡವಾಳವನ್ನು ಈಗ ಮೊದಲೇ ಹೊಂದಿಸಬೇಕಾಗಿದೆ. ನಾಲ್ಕು ಬೇಸಿನ್ ಇಟ್ಟುಕೊಂಡವನಿಗೂ ದೊಡ್ಡ ಯಂತ್ರದವನಿಗೂ ಈ ಹೊರೆ ಒಂದೇ ಅಲ್ಲ. ಪದ್ಧತಿ ಬದಲಾಗುವಾಗ ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆಂದು ಕೇಳುವುದು ಪ್ರಗತಿಯ ವಿರೋಧವಲ್ಲ.

ಇನ್ನೊಂದು ಅಪಾಯ ರಾಜಕೀಯದ್ದು. ಉತ್ತರ ಪ್ರದೇಶದಲ್ಲಿ ಕಾವಡ್ ಯಾತ್ರೆಯ ದಾರಿಯ ಹೊಟೇಲುಗಳು ಮಾಲಕರ ಹೆಸರಿನ ಫಲಕ ಹಾಕಬೇಕೆಂಬ ಆದೇಶಕ್ಕೆ 2024ರ ಜುಲೈ 22ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಮರುವರ್ಷ ಅದೇ ದಾರಿಯಲ್ಲಿ ಕ್ಯೂಆರ್ ಕೋಡ್ ಹಾಕಬೇಕೆಂಬ ಆದೇಶ ಬಂತು. ಫಲಕದಲ್ಲಿ ಕಾಣದ ಹೆಸರು ಮೊಬೈಲಿನಲ್ಲಿ ಕಾಣುವಂತಾಯಿತು! ಆ ಬಾರಿ ನ್ಯಾಯಾಲಯ, ಕಾನೂನಿನಂತೆ ಪರವಾನಗಿ ಮತ್ತು ನೋಂದಣಿ ಪತ್ರ ಪ್ರದರ್ಶಿಸುವಂತೆ ಹೇಳಿ, ಕ್ಯೂಆರ್ ಕೋಡಿನ ಪ್ರಶ್ನೆಯ ಒಳಗೆ ಹೋಗಲಿಲ್ಲ. ನಮ್ಮ ಕರಾವಳಿಯಲ್ಲೂ 2022ರಲ್ಲಿ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವರ್ತಕರಿಗೆ ಮಳಿಗೆ ನಿರಾಕರಿಸಲಾಯಿತು. ಹೀಗಿರುವಾಗ ಗುರುತು ಬಿಟ್ಟುಕೊಡದೆ ನಗದಿನಲ್ಲಿ ವ್ಯಾಪಾರ ಮಾಡುವುದೇ ಕ್ಷೇಮವೆಂದು ನಮ್ಮ ಕೆಲವು ಹಿರಿಯರು ಹೇಳುತ್ತಾರೆ. ಅವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಜಾತ್ರೆಯ ಮಳಿಗೆ ಕಳೆದುಕೊಂಡ ಬಳೆ ವ್ಯಾಪಾರಿಯನ್ನು ಯೋಚಿಸಿ. ಹಿಂದಿನ ವರ್ಷಗಳ ಜಾತ್ರೆಯಲ್ಲಿ ತನಗೆ ಎಷ್ಟು ಮಾರಾಟವಾಗುತ್ತಿತ್ತು, ಈಗ ಎಷ್ಟು ನಷ್ಟವಾಯಿತು ಎಂದು ಅಧಿಕಾರಿಯ ಮುಂದೆ, ನ್ಯಾಯಾಲಯದ ಮುಂದೆ, ಪತ್ರಿಕೆಯವರ ಮುಂದೆ ಅವನು ಏನು ತೋರಿಸಿಯಾನು? ದಾಖಲೆಯಿಲ್ಲದವನ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಚ್ಚಿಟ್ಟುಕೊಳ್ಳುವುದರಿಂದ ನಮಗೆ ರಕ್ಷಣೆ ಸಿಕ್ಕಿದ ಉದಾಹರಣೆ ನನಗೆ ಕಾಣಿಸುತ್ತಿಲ್ಲ.

ನೋಟಿಸಿಗೆ ಹೆದರಿ ಕ್ಯೂಆರ್ ಕೋಡ್ ಕಿತ್ತು ಹಾಕಿದವರಿಗೆ ಎರಡು ಮಾತು. ತೆರಿಗೆ ಇರುವುದು ಮಾರಾಟಕ್ಕೆ, ಯುಪಿಐಗೆ ಅಲ್ಲ. ನಗದಿನಲ್ಲಿ ಮಾರಿದರೂ ಹೊಣೆ ಅದೇ. ಅದಲ್ಲದೆ, ಈ ಹೊಣೆ ನಾವು ಅಂದುಕೊಂಡಷ್ಟು ಭಾರವೂ ಅಲ್ಲ. ಸರಕು ಮಾರುವವನ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಒದಗಿಸುವವನದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಹೊಟೇಲು ಸೇವೆಯ ಗುಂಪಿಗೆ ಸೇರುತ್ತದೆ. ತೆರಿಗೆಯಿಲ್ಲದ ವಸ್ತುಗಳನ್ನು ಮಾತ್ರವೇ ಮಾರುವವನಿಗೆ ನೋಂದಣಿ ಬೇಕಾಗಿಲ್ಲ. ಆದರೆ ಎರಡೂ ಬಗೆಯ ವಸ್ತುಗಳನ್ನು ಮಾರುವವನು ಒಟ್ಟು ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಹೆಚ್ಚಿನವರು ಎಡವಿದ್ದು ಇಲ್ಲಿಯೇ. ವರ್ಷಕ್ಕೆ 30 ಲಕ್ಷದ ಹಾಲು, 15 ಲಕ್ಷದ ಬಿಸ್ಕೆಟು, ಸಾಬೂನು ಮಾರಿದವನ ವಹಿವಾಟು 45 ಲಕ್ಷ, ಅವನು ನೋಂದಣಿ ಮಾಡಿಸಲೇಬೇಕು. ಆದರೆ ಒಂದೂವರೆ ಕೋಟಿಯವರೆಗಿನ ವಹಿವಾಟಿಗೆ ರಾಜಿ ತೆರಿಗೆ ಪದ್ಧತಿಯಿದೆ. ಅದರಲ್ಲಿ ಇಂಥ ವರ್ತಕನು ತೆರಿಗೆಯಿರುವ ವಸ್ತುಗಳ ಮಾರಾಟಕ್ಕೆ ಶೇಕಡಾ 1ರಷ್ಟು ಕಟ್ಟಿದರೆ ಸಾಕು. 15 ಲಕ್ಷಕ್ಕೆ ವರ್ಷಕ್ಕೆ 15 ಸಾವಿರ ರೂಪಾಯಿ. ಹೊಟೇಲಿನವರಿಗೆ ಶೇಕಡಾ 5. ಇದನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವಂತಿಲ್ಲ, ಕೈಯಿಂದ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರ ಒಳಗೆ. ನಾಲ್ಕು ವರ್ಷಗಳ ನೋಟಿಸಿನ ಎದುರು ನಿಂತು ನಡುಗುವುದಕ್ಕಿಂತ ಇದು ಅಗ್ಗ. ಆದರೆ ಹಾಲು ಎಷ್ಟು, ಬಿಸ್ಕೆಟು ಎಷ್ಟು ಎಂದು ಬೇರ್ಪಡಿಸಿ ಬರೆದಿದ್ದವನಿಗೆ ಮಾತ್ರ ಈ 15 ಸಾವಿರದ ಲೆಕ್ಕ ಹೊಂದುತ್ತದೆ.

ಈ ಬರೆಯುವ ಕೆಲಸ ಯಾರು ಮಾಡಬೇಕು? ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅಂಗಡಿಯಲ್ಲಿ ನಿಲ್ಲುವವನಿಗೆ ಸಾಧ್ಯವಿಲ್ಲವೆಂಬುದನ್ನು ಒಪ್ಪುತ್ತೇನೆ. ಪರದೆಯ ಆಚೆಗೆ ನಾನು ಈಗ ಮಾತನಾಡಬೇಕಾಗಿದೆ. ನಮ್ಮ ಪಟ್ಟಣಗಳಲ್ಲಿ ಬಿ.ಕಾಂ. ಮುಗಿಸಿದ ಹೆಣ್ಣುಮಕ್ಕಳು ಎಷ್ಟು ಮನೆಗಳಲ್ಲಿದ್ದಾರೆಂದು ಒಮ್ಮೆ ಎಣಿಸಿ. ಮಗಳು ಮನೆಯಲ್ಲಿ ಕುಳಿತಿದ್ದಾಳೆ. ಅಪ್ಪನ ಅಂಗಡಿಯ ಕಾಗದಗಳನ್ನು ಹೊರಗಿನವರೊಬ್ಬರು ತಿಂಗಳಿಗೊಮ್ಮೆ ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆ, ಅವರು ಏನು ಬರೆದರೆಂದು ಅಪ್ಪನಿಗೂ ಗೊತ್ತಿಲ್ಲ. ಪಾಸ್‌ವರ್ಡ್ ಕೂಡ ಅವರ ಬಳಿಯೇ! ಇದು ಯಾವ ಜಾಣತನ? ಹಝ್ರತ್ ಖದೀಜಾ(ರ) ಮಕ್ಕಾದ ವರ್ತಕ ಮಹಿಳೆ. ಶಾಮ್ ದೇಶಕ್ಕೆ ಹೋಗುವ ತಮ್ಮ ಸರಕನ್ನು ಅವರು ಪ್ರವಾದಿವರ್ಯರ(ಸ) ಕೈಗೆ, ಅವರು ಪ್ರವಾದಿಯಾಗುವ ಮೊದಲು, ಒಪ್ಪಿಸಿದ್ದರು. ಹಿಂದಿರುಗಿ ಬಂದಾಗ ಕಂಡ ಪ್ರಾಮಾಣಿಕತೆಯೇ ಅವರ ಮನಸ್ಸನ್ನು ಗೆದ್ದಿತು. ಬಂಡವಾಳ ಅವರದು, ತೀರ್ಮಾನ ಅವರದು. ಹಾಗಿರುವಾಗ ಅಂಗಡಿಯ ಲೆಕ್ಕವನ್ನು ಮಗಳ ಕೈಗೆ ಕೊಡಲು ನಮಗೇಕೆ ಮುಜುಗರ? ರಾತ್ರಿ ಊಟದ ನಂತರ ಅರ್ಧ ಗಂಟೆ ಅವಳು ಅಪ್ಪನ ಜೊತೆ ಕುಳಿತರೆ ಸಾಕು. ಅದನ್ನು ಪುಕ್ಕಟೆ ಮಾಡಿಸಿಕೊಳ್ಳಬೇಡಿ. ಹೊರಗಿನವರಿಗೆ ಕೊಡುವ ಶುಲ್ಕವನ್ನು ಅವಳಿಗೇ ಕೊಡಿ. ಮನೆಯಲ್ಲೇ ಹೊಲಿಗೆ, ಮೆಹೆಂದಿ, ಉಪ್ಪಿನಕಾಯಿ, ಬಿರಿಯಾನಿಯ ವ್ಯಾಪಾರ ಮಾಡುತ್ತಿರುವ ಸಹೋದರಿಯರು ವಾಟ್ಸಾಪಿನಲ್ಲಿ ಬೇಡಿಕೆ ಪಡೆಯುವುದನ್ನು ಬೇಗ ಕಲಿತಿದ್ದಾರೆ. ಅವರು ಕೂಡ ಗಂಡನ ಖಾತೆಗೆ ಹಣ ತರಿಸಿಕೊಳ್ಳುವುದನ್ನು ಬಿಟ್ಟು ತಮ್ಮ ಹೆಸರಿನಲ್ಲೇ ಖಾತೆ ತೆರೆಯಲಿ. ಹೆಣ್ಣಿನ ಗಳಿಕೆ ಹೆಣ್ಣಿನದೇ ಎಂದು ನಮ್ಮ ಧರ್ಮ ಹೇಳಿದೆ, ಆದರೆ ಗಂಡನ ಖಾತೆಯ ಸ್ಟೇಟ್‌ಮೆಂಟ್ ಹಾಗೆ ಹೇಳುವುದಿಲ್ಲ.

ಜಮಾಅತ್ ಕಮಿಟಿಯವರಲ್ಲಿ ನನ್ನದೊಂದು ಮನವಿ. ಮಸೀದಿಯ ಮೇಲಂತಸ್ತಿನ ಕೋಣೆ ವಾರದಲ್ಲಿ ಆರು ದಿನ ಬೀಗ ಹಾಕಿಕೊಂಡಿರುತ್ತದೆ. ಒಂದು ಹಳೆಯ ಕಂಪ್ಯೂಟರ್, ನಿವೃತ್ತರಾದ ಒಬ್ಬ ಬ್ಯಾಂಕ್ ನೌಕರರು, ವಾಣಿಜ್ಯ ಓದಿದ ಇಬ್ಬರು ಯುವಕರು ಇಷ್ಟಿದ್ದರೆ ವಾರಕ್ಕೊಂದು ಸಂಜೆ ಅಲ್ಲಿ ಲೆಕ್ಕದ ಕೇಂದ್ರ ನಡೆಸಬಹುದು. ಮಹಿಳೆಯರಿಗೆ ಬೇರೆ ದಿನ, ಬೇರೆ ಹೊತ್ತು. ಮುಸ್ಲಿಮೇತರ ನೆರೆಯ ಅಂಗಡಿಯವರು ಬಂದರೆ ಅವರಿಗೂ ಮಾಡಿಕೊಡಿ. ನೋಟಿಸು ಬರುವಾಗ ಜಾತಿ ನೋಡಿ ಬರಲಿಲ್ಲ. ಇದಕ್ಕೆ ದೊಡ್ಡ ಉದ್ಘಾಟನಾ ಸಮಾರಂಭ, ಶಾಲು, ಹಾರ ಯಾವುದೂ ಬೇಡ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಭೆಯ ನಂತರ ಒಂದು ಗಂಟೆ ನಾನೂ, ತೆರಿಗೆ ಸಲಹೆಗಾರರಾಗಿರುವ ಒಬ್ಬ ಸ್ನೇಹಿತರೂ ಹಿಂದಿನ ಕೋಣೆಯಲ್ಲಿ ಇರುತ್ತೇವೆ. ಜುಲೈಯ ನೋಟಿಸು ಇನ್ನೂ ಇತ್ಯರ್ಥವಾಗದವರು ಆ ಕಾಗದವನ್ನು ತನ್ನಿ. ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತಂದಿದ್ದರೆ ಒಳ್ಳೆಯದು. ತರದವರು ಹಿಂದಿರುಗಬೇಕಾಗಿಲ್ಲ, ನಿಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲೇ ಅದು ಇದೆ.